ದುಡ್ಡು ಊರಿನವರದು, ಮಾತು ಯಾರದು?

ನಮ್ಮ ತಾಲ್ಲೂಕಿನ ಒಂದು ಗ್ರಾಮಸಭೆಯಲ್ಲಿ ನಡೆದ ಮಾತಿದು. ಬೀದಿ ದೀಪ, ಚರಂಡಿ, ಬೋರ್‌ವೆಲ್ ಮೋಟರ್ ರಿಪೇರಿ ಎಲ್ಲ ಮುಗಿದಿತ್ತು. ಚಹಾ ಬರುವ ಹೊತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಟವೆಲ್ ಕೊಡವಿಕೊಂಡು ಎದ್ದರು.

"ಎರಡು ತಿಂಗಳಲ್ಲಿ ಮೂರು ಹೊಲದಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾಯ್ತು. ಸ್ಟೇಷನ್ನಿಗೆ ಹೋದರೆ ಜನ ಇಲ್ಲ, ಬಂದೋಬಸ್ತಿಗೆ ಹೋಗವ್ರೆ ಅಂತಾರೆ. ಆ ಸ್ಟೇಷನ್ನಿಗೆ ನಮ್ಮ ಪಂಚಾಯ್ತಿಯಿಂದ ಎಷ್ಟು ದುಡ್ಡು ಹೋಗುತ್ತೆ, ಸ್ವಲ್ಪ ಲೆಕ್ಕ ಓದಿ ಸ್ವಾಮಿ."

ಪಿಡಿಒ ನಕ್ಕರು. "ಅದು ನಮ್ಮ ಲೆಕ್ಕದಲ್ಲಿ ಬರೋದಿಲ್ಲ ಯಜಮಾನ್ರೇ."

"ಹಂಗಾದ್ರೆ ಯಾರ ಲೆಕ್ಕದಲ್ಲಿ ಬರುತ್ತೆ?"

ಯಾರೂ ಉತ್ತರ ಹೇಳಲಿಲ್ಲ. ಚಹಾ ಬಂತು. ಸಭೆ ಮುಗಿಯಿತು. ನಾವು ಬರೆದು ಕಳಿಸಿದ ವರದಿಯಲ್ಲಿ ಆ ಮಾತು ಮೂರು ಸಾಲಿತ್ತು. ಅಚ್ಚಾಗಿ ಬಂದಾಗ ಆ ಮೂರು ಸಾಲೇ ಇರಲಿಲ್ಲ.

ಆದರೆ ಪ್ರಶ್ನೆ ನಮ್ಮ ತಲೆಯಿಂದ ಹೋಗಲಿಲ್ಲ. ಪೊಲೀಸರ ಖರ್ಚು ಯಾರು ಕೊಡುತ್ತಾರೆ, ಕೊಟ್ಟವರಿಗೆ ಕೇಳುವ ಹಕ್ಕಿದೆಯೇ ಎಂದು ಹುಡುಕುತ್ತಾ ಹೋದೆವು. ಹುಡುಕಿದಾಗ ಗೊತ್ತಾಯಿತು, ಆ ಹಿರಿಯರು ಕೇಳಿದ ಪ್ರಶ್ನೆಗೆ ಸುಮಾರು ಇನ್ನೂರು ವರ್ಷದ ಇತಿಹಾಸ ಇದೆ. ಅದನ್ನೇ ಕೇಳಲು ಒಂದು ರಾತ್ರಿ ನೂರಾರು ಜನ ಫೋನ್ ಹಿಡಿದು ಸರದಿ ಕಾದ ಊರೂ ಇದೆ.

ಆ ಊರು ಅಮೆರಿಕದ ಮಿನಿಯಾಪೊಲಿಸ್. 2020ರ ಡಿಸೆಂಬರ್ ತಿಂಗಳು. ಕೊರೊನಾ ಕಾಲವಾದ್ದರಿಂದ ಸಭಾಂಗಣಕ್ಕೆ ಬಾಗಿಲು ಹಾಕಿತ್ತು. ನಗರದ ಬಜೆಟ್ ಬಗ್ಗೆ ಜನ ಫೋನಿನಲ್ಲೇ ಮಾತಾಡಬೇಕಿತ್ತು. ಒಬ್ಬೊಬ್ಬರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಪೊಲೀಸರಿಗೆ ಇಷ್ಟು ದುಡ್ಡು ಬೇಡ ಎಂದವರು ಇದ್ದರು. ಇಷ್ಟು ಸಾಲದು ಎಂದವರೂ ಇದ್ದರು. ಸದಸ್ಯರು ಕೊನೆಗೆ ಕೈ ಎತ್ತುವ ಹೊತ್ತಿಗೆ ಮಧ್ಯರಾತ್ರಿ ದಾಟಿ ತಾರೀಖು ಬದಲಾಗಿತ್ತು.

ಆ ರಾತ್ರಿಗೆ ಆಮೇಲೆ ಬರೋಣ. ಅದು ಅರ್ಥವಾಗಬೇಕಾದರೆ ಮೊದಲು ಎರಡು ಹಳೆಯ ಜಗಳ ಗೊತ್ತಿರಬೇಕು. ಒಂದು ಲಂಡನ್ನಿನದು, ಇನ್ನೊಂದು ಗುಜರಾತಿನದು.

ತಳವಾರ ಹೋಗಿ ಪೊಲೀಸ್ ಬಂದ

ನಮ್ಮ ಹಳ್ಳಿಗಳಲ್ಲಿ ಹಿಂದೆ ತಳವಾರ, ತೋಟಿ ಇದ್ದದ್ದು ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ಕಾವಲು ಕಾಯುವುದು, ಊರಿಗೆ ಹೊಸಬರು ಬಂದರೆ ಗಮನಿಸುವುದು, ಕಳ್ಳತನವಾದರೆ ಜಾಡು ಹಿಡಿಯುವುದು ಇವರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಆಯದ ಕಾಳು ಸಿಗುತ್ತಿತ್ತು. ಕೆಲವರಿಗೆ ಇನಾಂ ಜಮೀನೂ ಇತ್ತು. ಆ ವ್ಯವಸ್ಥೆ ಒಳ್ಳೆಯದಿತ್ತು ಎಂದು ನಾವು ಹೇಳುತ್ತಿಲ್ಲ. ಕೆಲಸ ಹುಟ್ಟಿನಿಂದ, ಜಾತಿಯಿಂದ ಬರುತ್ತಿತ್ತು. ಬೇಡ ಎಂದು ಬಿಡುವಂತಿರಲಿಲ್ಲ. ಮೈಸೂರು ರಾಜ್ಯ 1961ರಲ್ಲಿ ಕಾನೂನು ಮಾಡಿ ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ್ದು ಸರಿಯೇ. ಆದರೆ ಕಾವಲಿಗೆ ಕಾಳು ಕೊಡುವವನು ಯಾರು, ಕಾವಲುಗಾರ ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು.

ಇನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲೂ ಕಾವಲು ಆಯಾ ಕೇರಿಯ ಜವಾಬ್ದಾರಿಯೇ ಆಗಿತ್ತು. ಅಲ್ಲಿ ಊರನ್ನು ಪ್ಯಾರಿಷ್ ಎಂಬ ಭಾಗಗಳಾಗಿ ಹಂಚಿದ್ದರು. ಒಂದು ಚರ್ಚು, ಅದರ ಸುತ್ತಲಿನ ಕೇರಿಗಳು ಸೇರಿದರೆ ಒಂದು ಪ್ಯಾರಿಷ್. ಪ್ರತಿ ಪ್ಯಾರಿಷ್‌ಗೂ ಒಂದು ಸಭೆ ಇತ್ತು. ಆ ಸಭೆಯೇ ಮನೆ ಕಂದಾಯ ಎತ್ತಿ, ರಾತ್ರಿ ಕಾವಲುಗಾರರನ್ನು ನೇಮಿಸಿ ಸಂಬಳ ಕೊಡುತ್ತಿತ್ತು. ಕೆಲವು ಪ್ಯಾರಿಷ್‌ಗಳ ಕಾವಲು ಚೆನ್ನಾಗಿತ್ತು. ಕೆಲವು ಕಡೆ ಲಾಟೀನು ಹಿಡಿದು ನಿದ್ದೆ ಮಾಡುವ ಮುದುಕರೇ ಕಾವಲುಗಾರರು.

ಊರು ಬೆಳೆಯಿತು, ಕಳ್ಳತನ ಹೆಚ್ಚಿತು, ಕಾರ್ಮಿಕರ ಚಳವಳಿಗಳು ಶುರುವಾದವು. 1829ರಲ್ಲಿ ಗೃಹ ಮಂತ್ರಿ ರಾಬರ್ಟ್ ಪೀಲ್ ಹೊಸ ಕಾನೂನು ತಂದ. ಅದರ ಪ್ರಕಾರ ಇಡೀ ಮಹಾನಗರಕ್ಕೆ ಒಂದೇ ಪೊಲೀಸ್ ಪಡೆ. ಆ ವರ್ಷ ಸೆಪ್ಟೆಂಬರ್ 29ರ ಸಂಜೆ ನೀಲಿ ಕೋಟು, ಎತ್ತರದ ಟೊಪ್ಪಿಗೆ ಹಾಕಿದ ಪೊಲೀಸರು ಮೊದಲ ಸಲ ಬೀದಿಗಿಳಿದರು. ಸೈನ್ಯದ್ದು ಕೆಂಪು ಬಣ್ಣ, ಇವರು ಸೈನಿಕರಲ್ಲ ಎಂದು ತೋರಿಸಲು ನೀಲಿ. ಕೈಯಲ್ಲಿ ಮರದ ಲಾಠಿ, ಜನರನ್ನು ಕೂಗಿ ಕರೆಯಲು ಮರದ ಗಿರಗಿಟ್ಲೆ. ಇವತ್ತು ಜಗತ್ತಿನ ಹಲವು ಕಡೆ ಕಾಣುವ ಪೊಲೀಸ್ ವ್ಯವಸ್ಥೆಗೆ ಇದೇ ಮಾದರಿ ಎನ್ನುತ್ತಾರೆ.

ಈ ಕಾನೂನಿನಲ್ಲಿ ಒಂದು ಮುಳ್ಳಿತ್ತು. ದುಡ್ಡು ಪ್ಯಾರಿಷ್‌ಗಳೇ ಕಟ್ಟಬೇಕು. ಮನೆ ಅಂಗಡಿಗಳ ಬಾಡಿಗೆ ಬೆಲೆಯಲ್ಲಿ ಪ್ರತಿ ಪೌಂಡಿಗೆ 8 ಪೆನ್ಸ್‌ವರೆಗೆ ಪೊಲೀಸ್ ಕಂದಾಯ. ಆಗ ಒಂದು ಪೌಂಡಿಗೆ 240 ಪೆನ್ಸ್. ಅಂದರೆ ಮೂವತ್ತರಲ್ಲಿ ಒಂದು ಪಾಲು. ಆದರೆ ಪೊಲೀಸರನ್ನು ಆಳುವವರು ಗೃಹ ಮಂತ್ರಿ ಮತ್ತು ಅವರು ಹೇಳಿದಂತೆ ಕೇಳುವ ಇಬ್ಬರು ಕಮಿಷನರ್‌ಗಳು. ಎಷ್ಟು ಜನ ಬೇಕು, ಯಾರನ್ನು ತೆಗೆದುಕೊಳ್ಳಬೇಕು, ಯಾವ ಬೀದಿಗೆ ಕಳಿಸಬೇಕು ಎನ್ನುವುದರಲ್ಲಿ ಪ್ಯಾರಿಷ್ ಸಭೆಗೆ ಮಾತೇ ಇಲ್ಲ.

ನಿವಾಸಿಗಳು ತಿರುಗಿಬಿದ್ದರು. ಮೇರಿಲೆಬೋನ್, ಸೇಂಟ್ ಪ್ಯಾಂಕ್ರಸ್‌ನಂಥ ದೊಡ್ಡ ಪ್ಯಾರಿಷ್‌ಗಳು ಮುಂದೆ ನಿಂತವು. ಮೊದಲಿಗಿಂತ ಹೆಚ್ಚು ಕಟ್ಟುತ್ತಿದ್ದೇವೆ, ನಮ್ಮ ಬೀದಿಯಲ್ಲಿ ಮೊದಲಿಗಿಂತ ಕಡಿಮೆ ಕಾವಲಿದೆ ಎಂಬುದು ಒಂದು ದೂರು. ಕಟ್ಟುವವರು ನಾವು, ಕೇಳುವವರು ನಾವಲ್ಲ ಎಂಬುದು ಎರಡನೆಯದು. ಈ ದೂರು ಹೇಳಿದವರೆಲ್ಲ ಸಾಚಾ ಎಂದೇನೂ ಅಲ್ಲ. ಹಳೆಯ ಕಾವಲಿನಲ್ಲಿ ತಮ್ಮವರಿಗೆ ಕೆಲಸ ಕೊಡಿಸುತ್ತಿದ್ದ ಸಭೆಯವರಿಗೆ ಆ ಅಧಿಕಾರ ತಪ್ಪಿದ ಹೊಟ್ಟೆಯುರಿಯೂ ಇತ್ತು.

1833ರಲ್ಲಿ ಜಗಳ ಜೋರಾಯಿತು. ಮೇ 13ರಂದು ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಮತದಾನದ ಹಕ್ಕು ಕೇಳಿ ಸೇರಿದ್ದ ಸಭೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಗಲಾಟೆಯಲ್ಲಿ ರಾಬರ್ಟ್ ಕಲಿ ಎಂಬ ಪೇದೆ ಇರಿತಕ್ಕೆ ಸತ್ತ. ಸಾವಿನ ವಿಚಾರಣೆಗೆ ಕುಳಿತದ್ದು ಅದೇ ಭಾಗದ ನಿವಾಸಿಗಳ ಪಂಚರು. ಅವರು ಕೊಟ್ಟ ತೀರ್ಪು ಕೇಳಿ ಸರ್ಕಾರ ಬೆಚ್ಚಿತು. ಇದು ಸಮರ್ಥನೀಯ ಹತ್ಯೆ ಎಂದು ಅವರು ಬರೆದಿದ್ದರು. ಆ ತೀರ್ಪನ್ನು ಮೇಲಿನ ಕೋರ್ಟು ರದ್ದು ಮಾಡಿತು. ಸತ್ತವನೂ ಸಂಬಳಕ್ಕೆ ದುಡಿಯುತ್ತಿದ್ದ ಪೇದೆ, ಬಡವರ ಮನೆಯವನೇ. ಆದರೂ ಊರಿನ ಅಂಗಡಿಕಾರರು ಅಂಥ ತೀರ್ಪು ಬರೆಯುವಷ್ಟು ಸಿಟ್ಟು ಜನರಲ್ಲಿ ತುಂಬಿತ್ತು. ಅದೇ ವರ್ಷ ಇನ್ನೊಂದು ಹೊರಬಿತ್ತು. ವಿಲಿಯಂ ಪೋಪೆ ಎಂಬ ಪೊಲೀಸ್ ಸಾರ್ಜೆಂಟ್ ವೇಷ ಮರೆಸಿಕೊಂಡು ಜನರ ಸಂಘಟನೆಯೊಳಗೆ ಸದಸ್ಯನಾಗಿ ಸೇರಿದ್ದ. ಸಂಸತ್ತಿನ ಸಮಿತಿ ಅದನ್ನು ಖಂಡಿಸಿತು, ಅವನ ಕೆಲಸ ಹೋಯಿತು.

ಸರ್ಕಾರ ಒಂದು ಹೆಜ್ಜೆ ಹಿಂದೆ ಬಂತು. ಖರ್ಚಿನಲ್ಲಿ ನಾಲ್ಕನೇ ಒಂದು ಪಾಲು ದೇಶದ ಖಜಾನೆಯಿಂದ ಕೊಡುತ್ತೇವೆ ಎಂದು 1833ರಲ್ಲೇ ಒಪ್ಪಿತು. ಕಂದಾಯ ಇಳಿಯಿತು, ಗಲಾಟೆ ತಣ್ಣಗಾಯಿತು. ಮುಂದಿನ ವರ್ಷ ಸಂಸತ್ತಿನ ಇನ್ನೊಂದು ಸಮಿತಿ ಹೊಸ ಪೊಲೀಸರನ್ನು ಹೊಗಳಿತು.

ಇಲ್ಲಿ ಒಂದು ವಿಷಯ ಗಮನಿಸಿ. ನಿವಾಸಿಗಳು ಕೇಳಿದ್ದು ಎರಡು, ಸಿಕ್ಕಿದ್ದು ಒಂದು. ದುಡ್ಡಿನ ಭಾರ ಇಳಿಯಿತು, ಮಾತಿನ ಹಕ್ಕು ಬರಲಿಲ್ಲ. ಲಂಡನ್ ಪೊಲೀಸರ ಮೇಲಿನ ಅಧಿಕಾರ ನೇರವಾಗಿ ಗೃಹ ಮಂತ್ರಿಯ ಕೈಯಲ್ಲೇ ಉಳಿಯಿತು. ಆ ಊರಿನ ಪ್ರತಿನಿಧಿಗಳೂ ಇರುವ ಪೊಲೀಸ್ ಪ್ರಾಧಿಕಾರ ಬಂದದ್ದು 2000ರಲ್ಲಿ. ಅಂದರೆ 171 ವರ್ಷದ ಮೇಲೆ.

ಎರಡು ರೂಪಾಯಿ ಏಳಾಣೆ

ಲಂಡನ್ನಿನವರಿಗೆ ಕಂದಾಯವಾದರೂ ಕಾವಲಿಗೆ ಎಂದು ಬಂದಿತ್ತು. ಅವರದೇ ಸರ್ಕಾರ ನಮ್ಮ ದೇಶದಲ್ಲಿ ಅದನ್ನು ಶಿಕ್ಷೆಯಾಗಿಯೂ ಹಾಕುತ್ತಿತ್ತು.

ಬ್ರಿಟಿಷರ ಕಾಲದ ಪೊಲೀಸ್ ಕಾನೂನಿನಲ್ಲಿ ಒಂದು ನಿಯಮ ಇತ್ತು. ಒಂದು ಊರು ಗಲಭೆಯ ಊರು ಎಂದು ಸರ್ಕಾರಕ್ಕೆ ಅನ್ನಿಸಿದರೆ ಅಲ್ಲಿ ಹೆಚ್ಚುವರಿ ಪೊಲೀಸರನ್ನು ತಂದು ಕೂರಿಸಬಹುದು. ಅವರ ಸಂಬಳ, ಊಟದ ಖರ್ಚನ್ನೆಲ್ಲ ಆ ಊರಿನವರ ಮೇಲೇ ತೆರಿಗೆಯಾಗಿ ಹಾಕಬಹುದು.

1923ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಬೋರ್ಸದ್ ತಾಲ್ಲೂಕಿನ ಮೇಲೆ ಈ ತೆರಿಗೆ ಬಿತ್ತು. ಆಗ ಖೇಡಾ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರೂ ಆಗ ಅದೇ ಸರ್ಕಾರದ ಕೆಳಗಿದ್ದರು.

ಬೋರ್ಸದ್ ಸುತ್ತ ಡಕಾಯಿತರ ಕಾಟ ಹೆಚ್ಚಾಗಿತ್ತು. ಬಾಬರ್ ದೇವಾ ಎಂಬ ಡಕಾಯಿತನ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಸರ್ಕಾರ ಹೇಳಿದ್ದೇನು? ಹಳ್ಳಿಯವರೇ ಡಕಾಯಿತರಿಗೆ ಅನ್ನ ನೀರು ಕೊಟ್ಟು ಬಚ್ಚಿಡುತ್ತಿದ್ದಾರೆ, ಪೊಲೀಸರಿಗೆ ಸುಳಿವು ಕೊಡುತ್ತಿಲ್ಲ. ಆದ್ದರಿಂದ ಹೆಚ್ಚುವರಿ ಪೊಲೀಸ್ ಬರುತ್ತದೆ, ವಯಸ್ಸಿಗೆ ಬಂದ ಪ್ರತಿಯೊಬ್ಬರೂ ತಲೆಗೆ ಎರಡು ರೂಪಾಯಿ ಏಳಾಣೆ ಕಟ್ಟಬೇಕು.

ಯೋಚನೆ ಮಾಡಿ. ರಾತ್ರಿ ಡಕಾಯಿತ ಬಂದು ದೋಚುತ್ತಾನೆ. ಬೆಳಿಗ್ಗೆ ಸರ್ಕಾರ ಬಂದು, ನಿನ್ನನ್ನು ದೋಚಿದ್ದು ನಿನ್ನದೇ ತಪ್ಪು, ತಲೆಗೆ ಇಷ್ಟು ಕಟ್ಟು ಎನ್ನುತ್ತದೆ.

ಜನ ವಲ್ಲಭಭಾಯಿ ಪಟೇಲರ ಬಳಿ ಹೋದರು. ಪಟೇಲರು ಮೊದಲು ಮಾಡಿದ ಕೆಲಸ ಭಾಷಣವಲ್ಲ, ವಿಚಾರಣೆ. ಹಳ್ಳಿ ಹಳ್ಳಿಗೆ ಜನರನ್ನು ಕಳಿಸಿ ಮಾಹಿತಿ ಕೂಡಿಸಿದರು. ಹಳ್ಳಿಯವರು ಡಕಾಯಿತರ ಜೊತೆ ಸೇರಿಲ್ಲ, ಪೊಲೀಸರೇ ಒಬ್ಬ ಡಕಾಯಿತನ ಸಹಾಯ ಪಡೆದು ಇನ್ನೊಬ್ಬನನ್ನು ಹಿಡಿಯಲು ಹೋಗಿದ್ದಾರೆ ಎಂಬುದು ಅವರ ಆರೋಪವಾಯಿತು. ಅದನ್ನು ಹಿಡಿದುಕೊಂಡು, ಈ ತೆರಿಗೆ ಯಾರೂ ಕಟ್ಟಬೇಡಿ ಎಂದರು.

ಯಾರೂ ಕಟ್ಟಲಿಲ್ಲ. ಜಪ್ತಿಗೆ ಬರುವ ನೌಕರರು ಕಂಡರೆ ಡೋಲು ಬಾರಿಸಿ ಸುದ್ದಿ ಮುಟ್ಟಿಸುತ್ತಿದ್ದರು. ಹಗಲು ಮನೆಗಳಿಗೆ ಬೀಗ, ಕೆಲಸ ಕಾರ್ಯವೆಲ್ಲ ರಾತ್ರಿ. 1924ರ ಆರಂಭದಲ್ಲಿ ಮುಂಬಯಿ ಗವರ್ನರ್ ಲೆಸ್ಲಿ ವಿಲ್ಸನ್ ಸರ್ಕಾರ ಆ ತೆರಿಗೆಯನ್ನು ವಾಪಸ್ ತೆಗೆದುಕೊಂಡಿತು. ಬಾರ್ಡೋಲಿ ಹೋರಾಟ ನಮ್ಮ ಶಾಲೆಯ ಪಾಠದಲ್ಲಿದೆ. ಅದಕ್ಕೂ ನಾಲ್ಕು ವರ್ಷ ಮೊದಲೇ ಗೆದ್ದ ಬೋರ್ಸದ್ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಬೋರ್ಸದ್‌ನವರು ಪೊಲೀಸರೇ ಬೇಡ ಎನ್ನಲಿಲ್ಲ. ಡಕಾಯಿತರ ಭಯ ಅವರಿಗಿಂತ ಹೆಚ್ಚು ಯಾರಿಗಿತ್ತು? ನಮ್ಮನ್ನು ಕಳ್ಳರೆಂದು ಕರೆದು, ನಮ್ಮಿಂದಲೇ ದುಡ್ಡು ಕಿತ್ತು, ನಮ್ಮ ಮೇಲೆ ಕಣ್ಣಿಡಲು ಪೊಲೀಸ್ ತರಬೇಡಿ ಎಂದರು ಅಷ್ಟೆ.

ಹತ್ತು ಸಾವಿರಕ್ಕೆ ಹದಿನೇಳು

ಈಗ ಮಿನಿಯಾಪೊಲಿಸ್‌ಗೆ ವಾಪಸ್ ಹೋಗೋಣ.

ಅಮೆರಿಕದಲ್ಲಿ ನಮ್ಮ ಹಾಗಲ್ಲ. ಅಲ್ಲಿ ಬಹುತೇಕ ಊರುಗಳ ಪೊಲೀಸ್ ಇಲಾಖೆ ಆಯಾ ಊರಿನದೇ. ಬೀದಿ ದೀಪ, ರಸ್ತೆ, ಕಸ ಇವುಗಳ ಸಾಲಿನಲ್ಲೇ ಪೊಲೀಸರ ಸಂಬಳವೂ ಊರಿನ ಬಜೆಟ್‌ನಲ್ಲಿ ಬರುತ್ತದೆ. ಮನೆ ಕಂದಾಯ ಕಟ್ಟುವವನು ಸಭೆಗೆ ಬಂದು, ಇದು ಯಾಕೆ ಇಷ್ಟು ಎಂದು ಕೇಳಬಹುದು. ಮಿನಿಯಾಪೊಲಿಸ್ ಮಿನಿಸೋಟ ರಾಜ್ಯದ ದೊಡ್ಡ ಊರು. 2020ರ ಜನಗಣತಿಯಂತೆ ಸುಮಾರು 4 ಲಕ್ಷ 30 ಸಾವಿರ ಜನ. 2021ರ ಸಾಲಿಗೆ ಪೊಲೀಸರಿಗೆಂದು ಮೇಯರ್ ಇಟ್ಟ ಮೊತ್ತ ಸುಮಾರು 17 ಕೋಟಿ 90 ಲಕ್ಷ ಡಾಲರ್.

ಈ ಊರಿಗೆ ಒಂದು ಚಾರ್ಟರ್ ಇದೆ. ಊರಿನ ಮಟ್ಟದ ಸಂವಿಧಾನ ಎನ್ನಬಹುದು. 1961ರಲ್ಲಿ ಪೊಲೀಸರ ಯೂನಿಯನ್ ಪ್ರಚಾರ ಮಾಡಿ, ಜನರ ಮತದಿಂದ ಚಾರ್ಟರ್‌ಗೆ ಒಂದು ಸಾಲು ಸೇರಿಸಿತು. ಪ್ರತಿ ನಿವಾಸಿಗೆ 0.0017 ನೌಕರರಷ್ಟಾದರೂ ಪೊಲೀಸ್ ಪಡೆಗೆ ನಗರಸಭೆ ಹಣ ಕೊಡಲೇಬೇಕು. ಸುಲಭವಾಗಿ ಹೇಳುವುದಾದರೆ ಹತ್ತು ಸಾವಿರ ಜನಕ್ಕೆ ಹದಿನೇಳು ಪೊಲೀಸ್. ಇಷ್ಟು ಶಿಕ್ಷಕರು ಇರಲೇಬೇಕು, ಇಷ್ಟು ದಾದಿಯರು ಇರಲೇಬೇಕು ಎನ್ನುವ ಸಾಲು ಅದರಲ್ಲಿ ಇರಲಿಲ್ಲ.

ಅದೇ ಚಾರ್ಟರ್‌ನಲ್ಲಿ ಇನ್ನೊಂದು ಸಾಲೂ ಇತ್ತು. ಪೊಲೀಸ್ ಇಲಾಖೆಯ ಮೇಲೆ ಪೂರ್ತಿ ಅಧಿಕಾರ ಮೇಯರ್‌ದು. ಅಂದರೆ ಹಣ ಮಂಜೂರು ಮಾಡುವವರು ವಾರ್ಡುಗಳಿಂದ ಗೆದ್ದು ಬಂದ 13 ಸದಸ್ಯರು, ಆಜ್ಞೆ ಮಾಡುವವರು ಒಬ್ಬ ಮೇಯರ್. ವಾರ್ಡಿನವರು ಪೊಲೀಸರ ಬಗ್ಗೆ ದೂರು ತಂದರೆ ಸದಸ್ಯನ ಕೈಯಲ್ಲಿದ್ದದ್ದು ಬಜೆಟ್ ಒಂದೇ. ಆದ್ದರಿಂದಲೇ ಅಲ್ಲಿ ಪೊಲೀಸರ ಬಗೆಗಿನ ಜಗಳವೆಲ್ಲ ಕೊನೆಗೆ ಬಜೆಟ್ ಸಭೆಗೇ ಬಂದು ನಿಲ್ಲುತ್ತಿತ್ತು.

ಜಗಳ 2020ರಲ್ಲಿ ಹುಟ್ಟಿದ್ದಲ್ಲ. 2017ರಲ್ಲಿ, ಸಹಾಯ ಬೇಕೆಂದು ತಾನೇ ಫೋನ್ ಮಾಡಿ ಪೊಲೀಸರನ್ನು ಕರೆದ ಮಹಿಳೆಯೊಬ್ಬರು ಪೊಲೀಸ್ ಗುಂಡಿಗೆ ಸತ್ತರು. ಕುಟುಂಬಕ್ಕೆ ನಗರ ಕೊಟ್ಟ ಪರಿಹಾರ 2 ಕೋಟಿ ಡಾಲರ್. 2018ರಲ್ಲೇ ನಿವಾಸಿಗಳು ಬಜೆಟ್ ಸಭೆಗೆ ಬಂದು, ಪೊಲೀಸರ ಹಣದಲ್ಲಿ ಒಂದು ಪಾಲನ್ನು ಹಿಂಸೆ ತಡೆಯುವ ಬೇರೆ ಕೆಲಸಕ್ಕೆ ಕೊಡಿ ಎಂದು ಕೇಳಿದ್ದರು. ಸುಮಾರು 11 ಲಕ್ಷ ಡಾಲರ್ ಹಾಗೆ ಬದಲಾಗಿತ್ತು.

2020ರ ಮೇ 25. ಜಾರ್ಜ್ ಫ್ಲಾಯ್ಡ್ ಎಂಬ 46 ವರ್ಷದ ಕಪ್ಪು ವರ್ಣದ ವ್ಯಕ್ತಿ. ಅಂಗಡಿಯಲ್ಲಿ 20 ಡಾಲರ್‌ನ ಖೋಟಾ ನೋಟು ಕೊಟ್ಟ ಎಂಬ ದೂರು. ಪೊಲೀಸ್ ಅಧಿಕಾರಿ ಡೆರೆಕ್ ಶೋವಿನ್ ಅವರ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದ. ಫ್ಲಾಯ್ಡ್ ಸತ್ತರು. ದಾರಿಯಲ್ಲಿ ನಿಂತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು. ಊರು ಹೊತ್ತಿ ಉರಿಯಿತು, ಒಂದು ಪೊಲೀಸ್ ಠಾಣೆಯೇ ಸುಟ್ಟುಹೋಯಿತು. ಮುಂದೆ ಶೋವಿನ್‌ಗೆ ಕೊಲೆ ಅಪರಾಧದಲ್ಲಿ ಶಿಕ್ಷೆಯಾಯಿತು. ಕುಟುಂಬಕ್ಕೆ ನಗರ 2 ಕೋಟಿ 70 ಲಕ್ಷ ಡಾಲರ್ ಪರಿಹಾರ ಒಪ್ಪಿಕೊಂಡಿತು. ಅದೂ ಊರಿನವರ ದುಡ್ಡೇ.

ಜೂನ್ 7ರಂದು ಪೌಡರ್‌ಹಾರ್ನ್ ಪಾರ್ಕಿನಲ್ಲಿ ಹದಿಮೂರರಲ್ಲಿ ಒಂಬತ್ತು ಸದಸ್ಯರು ವೇದಿಕೆ ಹತ್ತಿ, ಈಗಿರುವ ಪೊಲೀಸ್ ಇಲಾಖೆಯನ್ನು ಕಳಚಿ ಹೊಸದು ಕಟ್ಟುತ್ತೇವೆ ಎಂದು ಮಾತು ಕೊಟ್ಟರು. ಆದರೆ 1961ರ ಆ ಸಾಲು ಅಡ್ಡ ನಿಂತಿತು. ಅದನ್ನು ತೆಗೆಯಲು ಜನರ ಮತ ಬೇಕು. ಕೋರ್ಟು ನೇಮಿಸುವ ಚಾರ್ಟರ್ ಆಯೋಗ, ಇನ್ನೂ ಸಮಯ ಬೇಕು ಎಂದು ಆ ವರ್ಷ ಮತಕ್ಕೆ ಬಿಡಲಿಲ್ಲ. ಉಳಿದದ್ದು ಬಜೆಟ್ ಮಾತ್ರ.

ಒಂದೇ ರಾತ್ರಿ, ಎರಡು ತಕರಾರು

ಹೀಗೆ ಬಂತು ಡಿಸೆಂಬರ್‌ನ ಆ ರಾತ್ರಿ.

ಒಂದು ಕಡೆಯವರು ಹೇಳಿದ್ದರ ಸಾರ ಹೀಗಿತ್ತು. ಮನೆಯಲ್ಲಿ ಮಗನಿಗೆ ಬುದ್ಧಿ ಸ್ಥಿಮಿತ ತಪ್ಪಿದೆ ಎಂದು ಫೋನ್ ಮಾಡಿದರೂ ಬರುವವನು ಪಿಸ್ತೂಲಿನವನೇ. ನಮಗೆ ಬೇಕಾದದ್ದು ನರ್ಸು, ಆಪ್ತ ಸಲಹೆಗಾರರು, ಮನೆ ಬಾಡಿಗೆಗೆ ಸಹಾಯ. ಎಲ್ಲದಕ್ಕೂ ಪೊಲೀಸರನ್ನೇ ಕಳಿಸಿ, ಎಲ್ಲ ದುಡ್ಡೂ ಅಲ್ಲೇ ಸುರಿದರೆ ಉಳಿದವರು ಎಲ್ಲಿಂದ ಬರಬೇಕು?

ಇನ್ನೊಂದು ಕಡೆಯವರದೂ ಸುಳ್ಳಲ್ಲ. ಆ ವರ್ಷ ಊರಿನಲ್ಲಿ ಗುಂಡಿನ ಸದ್ದು ಹೆಚ್ಚಿತ್ತು. 2019ರಲ್ಲಿ 48 ಕೊಲೆಗಳಾಗಿದ್ದವು, 2020ರಲ್ಲಿ ಅದು 80 ದಾಟಿತು. ಹೆಚ್ಚು ಪೆಟ್ಟು ಬಿದ್ದದ್ದು ಕಪ್ಪು ವರ್ಣದವರು ಹೆಚ್ಚಾಗಿರುವ ಊರಿನ ಉತ್ತರ ಭಾಗಕ್ಕೆ. ಪೊಲೀಸರು ಗುಂಪಾಗಿ ರಜೆ ಹಾಕಿ, ಕೆಲಸ ಬಿಟ್ಟು ಹೋಗುತ್ತಿದ್ದರು. ನಮ್ಮ ಮಕ್ಕಳು ಅಂಗಳದಲ್ಲಿ ಆಡುವಂತಿಲ್ಲ, ಇರುವ ಪೊಲೀಸರನ್ನೂ ಕಡಿಮೆ ಮಾಡಿದರೆ ನಾವು ಯಾರನ್ನು ಕೂಗಬೇಕು ಎಂದರು.

ನಡುರಾತ್ರಿ ದಾಟಿದ ಮೇಲೆ, ಡಿಸೆಂಬರ್ 10ರಂದು, ತೀರ್ಮಾನವಾಯಿತು. ಸುಮಾರು 80 ಲಕ್ಷ ಡಾಲರ್ ಪೊಲೀಸರ ಲೆಕ್ಕದಿಂದ ಬೇರೆ ಕೆಲಸಗಳಿಗೆ ಹೋಯಿತು. ನೂರಕ್ಕೆ ನಾಲ್ಕೂವರೆಯಷ್ಟು. ಮಾನಸಿಕ ಸಂಕಟದ ಕರೆಗಳಿಗೆ ಹೋಗುವ ತಂಡ, ಹಿಂಸೆ ತಡೆಯುವ ಕಾರ್ಯಕ್ರಮ, ಸಣ್ಣ ಕಳ್ಳತನದ ದೂರು ಬರೆದುಕೊಳ್ಳಲು ಪೊಲೀಸೇತರ ಸಿಬ್ಬಂದಿ ಇವಕ್ಕೆಲ್ಲ ಆ ಹಣ. ಆದರೆ ಮುಂದೆ ಪೊಲೀಸರ ಸಂಖ್ಯೆಯ ಗುರಿಯನ್ನು 888ರಿಂದ 750ಕ್ಕೆ ಇಳಿಸುವ ಸಲಹೆ ಬಿದ್ದುಹೋಯಿತು. ಅದರ ವಿರುದ್ಧ 7 ಮತ, ಪರವಾಗಿ 6. ಮೇಯರ್ ಜೇಕಬ್ ಫ್ರೇ ಸಂಖ್ಯೆ ಇಳಿಸಿದರೆ ಬಜೆಟ್‌ಗೇ ಸಹಿ ಹಾಕುವುದಿಲ್ಲ ಎಂದು ಮೊದಲೇ ಎಚ್ಚರಿಸಿದ್ದರು.

ಮರುವರ್ಷ, 2021ರ ನವೆಂಬರ್ 2ರಂದು, ಚಾರ್ಟರ್‌ನ ಆ ಹಳೆಯ ಸಾಲು ಕೊನೆಗೂ ಜನರ ಮುಂದೆ ಬಂತು. ಅದನ್ನು ತೆಗೆದು ಹೊಸದಾಗಿ ಸಾರ್ವಜನಿಕ ಸುರಕ್ಷತಾ ಇಲಾಖೆ ಮಾಡೋಣವೇ? ಶೇ. 56ರಷ್ಟು ಜನ ಬೇಡ ಎಂದರು. 0.0017 ಅಲ್ಲೇ ಉಳಿಯಿತು. ಅದೇ ದಿನ ಇನ್ನೊಂದು ಪ್ರಶ್ನೆಯಲ್ಲಿ ಮೇಯರ್‌ಗೆ ಎಲ್ಲ ಇಲಾಖೆಗಳ ಮೇಲೂ ಹೆಚ್ಚು ಅಧಿಕಾರ ಕೊಡಲು ಜನ ಒಪ್ಪಿದರು. ಆ ಡಿಸೆಂಬರ್‌ನಲ್ಲಿ ಪೊಲೀಸರ ಬಜೆಟ್ ಸುಮಾರು 19 ಕೋಟಿ 10 ಲಕ್ಷ ಡಾಲರ್‌ಗೆ ಏರಿತು. ಎಷ್ಟು ಗಲಾಟೆ ಮಾಡಿ ಇಳಿಸಿದ್ದರೋ ಅದಕ್ಕಿಂತ ಮೇಲೆ.

ಇನ್ನೊಂದು ತಕರಾರು ಕೋರ್ಟಿಗೆ ಹೋಗಿತ್ತು. ಉತ್ತರ ಭಾಗದ ಎಂಟು ನಿವಾಸಿಗಳು, ಚಾರ್ಟರ್ ಹೇಳಿದಷ್ಟು ಪೊಲೀಸರು ಊರಿನಲ್ಲಿಲ್ಲ ಎಂದು ನಗರದ ಮೇಲೆಯೇ ಕೇಸು ಹಾಕಿದ್ದರು. 2022ರ ಜೂನ್‌ನಲ್ಲಿ ಮಿನಿಸೋಟದ ಸುಪ್ರೀಂ ಕೋರ್ಟ್ ಲೆಕ್ಕ ಹಾಕಿ ಹೇಳಿತು, ಕನಿಷ್ಠ 731 ಪೊಲೀಸರು ಇರಬೇಕು, ನೇಮಿಸುವುದು ಮೇಯರ್ ಹೊಣೆ. ನಗರಸಭೆ ಹಣ ಕೊಟ್ಟಿದೆ, ಅದರ ತಪ್ಪಿಲ್ಲ ಎಂದೂ ಹೇಳಿತು. ಆದರೆ ಅಷ್ಟು ಹೊತ್ತಿಗೆ ಪೊಲೀಸರ ಸಂಖ್ಯೆ 600ರ ಆಸುಪಾಸಿಗೆ ಇಳಿದಿತ್ತು. ದುಡ್ಡಿದೆ, ಕಾನೂನಿದೆ, ಕೋರ್ಟಿನ ಆದೇಶ ಇದೆ, ಕೆಲಸಕ್ಕೆ ಬರುವ ಜನ ಇಲ್ಲ.

ಹಾಗಾದರೆ ಆ ರಾತ್ರಿ ಫೋನ್ ಹಿಡಿದು ಕಾದವರಿಗೆ ಸಿಕ್ಕಿದ್ದೇನು? 2021ರ ಡಿಸೆಂಬರ್‌ನಲ್ಲಿ ಬಂದೂಕಿಲ್ಲದ ಮಾನಸಿಕ ಆರೋಗ್ಯ ತಂಡಗಳು ಕೆಲಸ ಶುರು ಮಾಡಿದವು. ತುರ್ತು ಸಂಖ್ಯೆಗೆ ಅಂಥ ಕರೆ ಬಂದರೆ ಈಗ ಪೊಲೀಸರ ಬದಲು ಅವರು ಹೋಗುತ್ತಾರೆ. 2022ರಲ್ಲಿ ರಾಜ್ಯದ ಮಾನವ ಹಕ್ಕು ಇಲಾಖೆ, 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ತನಿಖೆ ಮಾಡಿ, ಆ ಪೊಲೀಸ್ ಇಲಾಖೆಯಲ್ಲಿ ಜನಾಂಗ ಭೇದ ಇತ್ತು ಎಂದು ಬರೆದವು. ಕಪ್ಪು ವರ್ಣದ ನಿವಾಸಿಗಳು ವರ್ಷಗಳಿಂದ ಹೇಳುತ್ತಿದ್ದ ಮಾತು ಸರ್ಕಾರದ ಕಾಗದದಲ್ಲಿ ಬಂತು.

ನಮಗೆ ಕಂಡದ್ದು ಇಷ್ಟು. ಕಡಿಮೆ ಮಾಡಿ ಎಂದವರು, ಹೆಚ್ಚು ಮಾಡಿ ಎಂದವರು ಒಬ್ಬರಿಗೊಬ್ಬರು ಶತ್ರುಗಳಂತೆ ಟಿವಿಯಲ್ಲಿ ಕಾಣಿಸಿದರು. ಇಬ್ಬರ ಪ್ರಶ್ನೆಯೂ ಒಂದೇ ಆಗಿತ್ತು. ನಾವು ಕಟ್ಟುತ್ತೇವೆ. ಕೂಗಿದಾಗ ಬರುತ್ತೀರಾ? ಬಂದವರು ನಮ್ಮನ್ನು ಹೇಗೆ ಕಾಣುತ್ತೀರಿ? ಲಂಡನ್ನಿನ ಅಂಗಡಿಕಾರ ಕೇಳಿದ್ದೂ, ಬೋರ್ಸದ್‌ನ ರೈತ ಕೇಳಿದ್ದೂ ಇದನ್ನೇ. ಮೂರು ಕಡೆಯೂ ಸರ್ಕಾರ ದುಡ್ಡಿನ ಅಂಕಿಯನ್ನು ಏರಿಸಿತು, ಇಳಿಸಿತು, ವಾಪಸ್ ಪಡೆಯಿತು. ಮಾತಿನ ಹಕ್ಕನ್ನು ಮಾತ್ರ ಸುಲಭಕ್ಕೆ ಬಿಟ್ಟುಕೊಡಲಿಲ್ಲ.

ನಮ್ಮ ಲೆಕ್ಕ ಎಲ್ಲಿದೆ?

ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯ ಪಟ್ಟಿಯಲ್ಲಿದೆ. ಗ್ರಾಮ ಪಂಚಾಯ್ತಿಯ ಲೆಕ್ಕದಲ್ಲಿ ಅದು ಬರುವುದಿಲ್ಲ, ಬೆಂಗಳೂರಿನ ಪಾಲಿಕೆ ಲೆಕ್ಕದಲ್ಲೂ ಬರುವುದಿಲ್ಲ. ರಾಜ್ಯ ಬಜೆಟ್‌ನಲ್ಲಿ ಗೃಹ ಇಲಾಖೆಯ ಕೆಳಗೆ ಬರುತ್ತದೆ. ನಾವು ಕಂದಾಯದ ರಸೀದಿಯಲ್ಲಿ ಕಟ್ಟದಿದ್ದರೂ ಡೀಸೆಲ್ ಹಾಕಿಸಿದಾಗ, ಜಮೀನು ರಿಜಿಸ್ಟರ್ ಮಾಡಿಸಿದಾಗ, ಸೋಪು ಕೊಂಡಾಗ ಕಟ್ಟಿರುತ್ತೇವೆ. ಆ ಹಣ ಮಂಜೂರಾಗುವುದು ವಿಧಾನಸಭೆಯಲ್ಲಿ. ಅಲ್ಲಿ ಎದ್ದು ಕೇಳಬೇಕಾದವರು ನಮ್ಮ ಶಾಸಕರು.

ನಮ್ಮ ಠಾಣೆಯ ಪೇದೆಗಳನ್ನು ಬೈದು ಪ್ರಯೋಜನವಿಲ್ಲ. ಜಾತ್ರೆ, ಚುನಾವಣೆ, ಮಂತ್ರಿಗಳ ಭೇಟಿ ಎಲ್ಲದಕ್ಕೂ ಅವರೇ ಹೋಗಬೇಕು. ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ ಎನ್ನುವುದು ಅವರು ತೀರ್ಮಾನಿಸುವ ಮಾತಲ್ಲ. ಆದರೆ ನಾವು ಕೇಳಬಹುದಾದ ಮಾತು.

ಈ ಬರಹ ಮುಗಿಸುವ ಮೊದಲು ನಾವು ಆ ಹಿರಿಯರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆವು. ಅಮೆರಿಕದವರು ಮಧ್ಯರಾತ್ರಿವರೆಗೆ ಫೋನ್ ಹಿಡಿದು ಕಾದರು ಎಂದಾಗ ಅವರಿಗೆ ನಗು ಬಂತು. "ನಮಗೆ ಚಹಾ ಬಂದ ಕೂಡ್ಲೆ ಸಭೆ ಮುಗೀತದೆ" ಎಂದರು. ಆಮೇಲೆ ಒಳಗಿನಿಂದ ಮೊಮ್ಮಗಳನ್ನು ಕರೆದು, ಪೆನ್ನು ತಾ ಎಂದರು.

ಮಾಹಿತಿ ಹಕ್ಕಿನ ಅರ್ಜಿ ಅವಳ ಕೈಬರಹದಲ್ಲೇ ಹೋಗಿದೆ. ಅದರಲ್ಲಿ ಮೂರೇ ಪ್ರಶ್ನೆ. ನಮ್ಮ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ನಮ್ಮ ಊರು ಯಾವ ಬೀಟ್‌ಗೆ ಸೇರಿದೆ, ಆ ಬೀಟ್‌ನ ಪೇದೆ ಕಳೆದ ಆರು ತಿಂಗಳಲ್ಲಿ ಊರಿಗೆ ಎಷ್ಟು ಸಲ ಬಂದಿದ್ದಾರೆ? ಕೇಬಲ್ ಕಳವಿನ ಎಷ್ಟು ದೂರು ದಾಖಲಾಗಿದೆ?

ಉತ್ತರ ಬಂದ ದಿನ ಇಲ್ಲೇ ಹಾಕುತ್ತೇವೆ. ನಿಮ್ಮ ಊರಿನಲ್ಲೂ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ನಮಗೆ ತಿಳಿಸಿ. ಮುಂದಿನ ಗ್ರಾಮಸಭೆಗೆ ಶಾಸಕರನ್ನೂ ಕರೆಯಬೇಕೆಂದು ಆ ಊರಿನವರು ಪಂಚಾಯ್ತಿಗೆ ಬರೆದುಕೊಟ್ಟಿದ್ದಾರೆ. ಚಹಾ ಕೊನೆಯಲ್ಲಿ ಕೊಡಿ ಎಂದೂ ಹೇಳಿದ್ದಾರೆ.